ಕೌದಿ ಹೊಲಿಯುವ ಅಮ್ಮನ ವಿಡಿಯೊಗೆ ಯಾವ ಆ್ಯಪ್ ಒಳ್ಳೆಯದು?

ಅಮ್ಮ ಕೌದಿ ಹೊಲಿಯುವುದನ್ನು ಜನಕ್ಕೆ ತೋರಿಸಬೇಕು, ಬೇಗ ಫಾಲೋವರ್ಸ್ ಬರುವ ಆ್ಯಪ್ ಯಾವುದು ಅಂತ ಕೇಳಿದ್ದೀರಿ. 2019ರಲ್ಲಿ ನಾನೂ ಇದನ್ನೇ ಕೇಳಿಕೊಂಡು ಓಡಾಡಿದ್ದೆ. ಆಗ ಎಲ್ಲರೂ ಹೇಳುತ್ತಿದ್ದದ್ದು ಟಿಕ್‌ಟಾಕ್.

ನಮ್ಮದು ಇಳಕಲ್. ಅಪ್ಪ ಕುಣಿಮಗ್ಗದಲ್ಲಿ, ಅಂದರೆ ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುವ ಮಗ್ಗದಲ್ಲಿ, ಸೀರೆ ನೇಯುತ್ತಿದ್ದರು. ನಮ್ಮ ಸೀರೆಯಲ್ಲಿ ಒಡಲಿನ ಹಾಸು (ಉದ್ದದ ಎಳೆಗಳು) ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಅಪ್ಪ ಬೆರಳ ತುದಿ ಒದ್ದೆ ಮಾಡಿಕೊಂಡು, ಎಳೆ ಹೊಸೆದು, ಬಾಯಲ್ಲೇ ಎಣಿಸುತ್ತಾ ಕೂಡಿಸುತ್ತಿದ್ದರು. ಎಣಿಕೆ ತಪ್ಪಿದರೆ 'ತಡಿಯವ್ವಾ ತಡಿ' ಅಂತ ದಾರಕ್ಕೇ ಹೇಳುತ್ತಿದ್ದರು. ಅದನ್ನು 15 ಸೆಕೆಂಡಿನ ತುಣುಕು ಮಾಡಿ ಹಾಕಿದೆ. ಒಂದು ವಿಡಿಯೊ ಚೆನ್ನಾಗಿ ಓಡಿತು. ಆಮೇಲೆ ದಿನಾ ಮಗ್ಗದ ಮುಂದೆ ಫೋನ್ ಹಿಡಿದು ಕೂರುವುದೇ ಕೆಲಸ.

ನನ್ನ ತಪ್ಪು ಎಲ್ಲಿ ಶುರುವಾಯಿತು ಅಂತ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ. ನಾನು ಫೋನಿನ ಕ್ಯಾಮೆರಾ ಬಳಸಲೇ ಇಲ್ಲ. ಆ್ಯಪ್ ತೆರೆದು, ಮೊದಲು ಹಾಡು ಆರಿಸಿ, ಅಲ್ಲೇ ರೆಕಾರ್ಡ್ ಮಾಡುತ್ತಿದ್ದೆ. ಹಾಗೆ ಮಾಡಿದರೆ ವಿಡಿಯೊದಲ್ಲಿ ಹಾಡು ಮಾತ್ರ ಉಳಿಯುತ್ತದೆ. ಮಗ್ಗದ ಸದ್ದು, ಅಪ್ಪನ ಎಣಿಕೆ ಯಾವುದೂ ದಾಖಲಾಗುವುದಿಲ್ಲ. ಹಾಡಿಲ್ಲದೆ ತೆಗೆದದ್ದೂ ಇತ್ತು, ನಲವತ್ತಕ್ಕಿಂತ ಜಾಸ್ತಿ. ಒಳ್ಳೆ ಹಾಡು ಸಿಕ್ಕಾಗ ಕೂಡಿಸೋಣ ಅಂತ ಅವನ್ನೆಲ್ಲ ಡ್ರಾಫ್ಟ್‌ನಲ್ಲಿ ಇಟ್ಟಿದ್ದೆ. ಡ್ರಾಫ್ಟ್ ಅಂದರೆ ಎಲ್ಲೋ ಇಂಟರ್ನೆಟ್‌ನಲ್ಲಿ ಭದ್ರವಾಗಿ ಇರುತ್ತದೆ ಅಂದುಕೊಂಡಿದ್ದೆ. ಇಲ್ಲ, ಅದು ನಮ್ಮ ಫೋನಿನಲ್ಲೇ, ಆ ಆ್ಯಪಿನ ಹೊಟ್ಟೆಯೊಳಗೆ ಇರುತ್ತದೆ. ಗ್ಯಾಲರಿಯಲ್ಲಿ ಕಾಣುವುದಿಲ್ಲ. ಆ್ಯಪ್ ಡಿಲೀಟ್ ಮಾಡಿದರೆ ಅದೂ ಹೋಯಿತು.

2020ರ ಜೂನ್ 29ರ ರಾತ್ರಿ ಸರ್ಕಾರ ಟಿಕ್‌ಟಾಕ್ ಸೇರಿ ಚೀನಾದ 59 ಆ್ಯಪ್ ನಿಷೇಧಿಸಿತು. ಗಡಿಯಲ್ಲಿ ಚೀನಾ ಸೈನಿಕರ ಜೊತೆ ಗಲ್ವಾನ್ ಘರ್ಷಣೆಯಾಗಿ ಎರಡು ವಾರ ಆಗಿತ್ತು. ಬೆಳಿಗ್ಗೆ ಗೆಳೆಯರೆಲ್ಲ ಆ್ಯಪ್ ಡಿಲೀಟ್ ಮಾಡಿ ಸ್ಟೇಟಸ್ ಹಾಕುತ್ತಿದ್ದರು. ನಾನೂ ಡಿಲೀಟ್ ಮಾಡಿದೆ. ಯಾರ ಒತ್ತಾಯವೂ ಇರಲಿಲ್ಲ. ಹತ್ತು ನಿಮಿಷ ಕೂತು ಡ್ರಾಫ್ಟ್‌ಗಳನ್ನು ಗ್ಯಾಲರಿಗೆ ಇಳಿಸಲು ನೋಡಿದ್ದರೆ ಉಳಿಯುತ್ತಿದ್ದವೋ ಏನೋ. ನಾನು ಆ ಪ್ರಯತ್ನವನ್ನೇ ಮಾಡಲಿಲ್ಲ.

ವಿಡಿಯೊ ಮತ್ತೆ ತೆಗೆಯಬಹುದಲ್ವಾ ಅಂತೀರಿ. ಲಾಕ್‌ಡೌನ್‌ನಲ್ಲಿ ಕೆಲಸ ನಿಂತಿತು, ಅಪ್ಪನ ಕಣ್ಣೂ ಮಂಜಾಯಿತು. ಮರುವರ್ಷ ಮಗ್ಗ ಕೊಟ್ಟುಬಿಟ್ಟೆವು. ಕುಣಿಗೆ ಮಣ್ಣು ತುಂಬಿ ಮೇಲೆ ಫರಸಿ ಹಾಸಿದ್ದೇವೆ, ಈಗ ಅಲ್ಲಿ ಫ್ರಿಜ್ ಇದೆ. ಅಕ್ಕನ ವಾಟ್ಸ್ಆ್ಯಪ್‌ನಲ್ಲಿ ನಾನು ಕಳಿಸಿದ್ದ ಮೂರು ವಿಡಿಯೊ ಸಿಕ್ಕವು. ಮೂರರಲ್ಲೂ ಅಪ್ಪನ ತುಟಿ ಅಲ್ಲಾಡುತ್ತದೆ. ಕೇಳಿಸುವುದು ಯಾವುದೋ ಸಿನಿಮಾ ಹಾಡು.

ಅದಕ್ಕೇ ಹೇಳುತ್ತೇನೆ, ಯಾವ ಆ್ಯಪ್ ಅನ್ನುವ ಪ್ರಶ್ನೆಯನ್ನೇ ಪಕ್ಕಕ್ಕಿಡಿ. ನಿಷೇಧವಾಗಿ ಹತ್ತು ದಿನದೊಳಗೆ ಇನ್‌ಸ್ಟಾಗ್ರಾಮ್ ರೀಲ್ಸ್ ಬಂತು. ಬೆಂಗಳೂರಿನ ಮೋಜ್, ಜೋಶ್ ಬಂದವು. ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್. ಟಕಾಟಕ್ ಅಂತ ಒಂದಿತ್ತು, 2022ರಲ್ಲಿ ಮೋಜ್ ಜೊತೆ ಸೇರಿತು. ಇವತ್ತಿನದು ನಾಳೆ ಇರುತ್ತದೆ ಅಂತ ನಂಬಿ ಅಮ್ಮನ ಕೆಲಸವನ್ನು ಅದರೊಳಗೆ ಇಡಬೇಡಿ.

ಫೋನಿನ ಕ್ಯಾಮೆರಾದಲ್ಲೇ, ಫೋನನ್ನು ಅಡ್ಡ ಮಾಡದೆ ನೆಟ್ಟಗೆ ಹಿಡಿದು ತೆಗೆಯಿರಿ. ಆ ಮೂಲ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ, ಇನ್ನೊಂದು ಪ್ರತಿ ಮನೆಯವರ ಹತ್ತಿರ ಇರಲಿ. ಆಮೇಲೆ ಅದರಿಂದಲೇ ಚಿಕ್ಕ ತುಣುಕು ಮಾಡಿ ರೀಲ್ಸ್‌ಗೂ ಹಾಕಿ, ಶಾರ್ಟ್ಸ್‌ಗೂ ಹಾಕಿ, ಎರಡೂ ತಗೊಳ್ಳುತ್ತವೆ. ಒಂದರಿಂದ ಇಳಿಸಿ ಇನ್ನೊಂದಕ್ಕೆ ಹಾಕಬೇಡಿ. ಬೇರೆ ಆ್ಯಪಿನ ಗುರುತು ಕಂಡರೆ ಇನ್‌ಸ್ಟಾಗ್ರಾಮ್ ಅದನ್ನು ಜಾಸ್ತಿ ಜನಕ್ಕೆ ತೋರಿಸುವುದಿಲ್ಲ.

ದುಡ್ಡಿನ ಆಸೆ ಸದ್ಯಕ್ಕೆ ಬೇಡ. ಬರೀ ಶಾರ್ಟ್ಸ್‌ ಹಾಕಿಯೇ ಜಾಹೀರಾತಿನ ಪಾಲು ಸಿಗಬೇಕಾದರೆ 1000 ಸಬ್‌ಸ್ಕ್ರೈಬರ್ಸ್ ಇರಬೇಕು, ಜೊತೆಗೆ 90 ದಿನದಲ್ಲಿ 1 ಕೋಟಿ ವೀಕ್ಷಣೆ ಬೇಕು. ಆ ಲೆಕ್ಕ ಹಿಡಿದು ಕೂತರೆ ಅಮ್ಮನನ್ನು ಅವಸರ ಮಾಡಿಸುತ್ತೀರಿ. ನಾನು ಹಾಗೆ ಮಾಡಿದ್ದೇನೆ. ಅಪ್ಪ ಕೊಂಡಿ ಹಾಕುವಾಗ 'ಬೇಗ ಬೇಗ, 15 ಸೆಕೆಂಡ್ ಅಷ್ಟೇ' ಅಂದಿದ್ದೇನೆ.

ಕೌದಿಗೆ ಹಳೇ ಸೀರೆ ಆರಿಸುವಾಗ ಇದು ಯಾರದ್ದು, ಯಾವಾಗ ತಂದದ್ದು ಅಂತ ಅಮ್ಮ ಹೇಳುತ್ತಾರಲ್ವಾ? ಮೊದಲು ಅದನ್ನೇ ತೆಗೆಯಿರಿ. ಐದು ನಿಮಿಷ ಆದರೂ ಆಗಲಿ, ಹಾಡು ಹಾಕಬೇಡಿ.