ಇಂಡಕ್ಷನ್ ಪ್ಲಗ್‌ನಿಂದ ಸುಟ್ಟ ವಾಸನೆ: ಸ್ವಿಚ್ ಮಾತ್ರ ಬದಲಿಸಿದರೆ ಸಾಲದು

ಇಂಡಕ್ಷನ್ ಒಲೆಯ ಪ್ಲಗ್‌ನಿಂದ ಸುಟ್ಟ ವಾಸನೆ ಬರುತ್ತಿದೆ, ಸ್ವಿಚ್ ಬದಲಿಸಿದರೆ ಸಾಕಾ, ಮಿಕ್ಸಿಗೂ ದೊಡ್ಡ ಸಾಕೆಟ್ ಬೇಕಾ ಅಂತ ಬೋರ್ಡಿನ ಫೋಟೋ ಹಾಕಿ ಕೇಳಿದ್ದೀರಿ. ವಾಸನೆಗೆ ಕಾರಣ ಬಹುತೇಕ ನೀವು ಬಳಸುತ್ತಿರುವ 6 ಆಂಪ್ ಸಾಕೆಟ್ಟೇ. ನಿಮ್ಮ ಇಂಡಕ್ಷನ್ ಒಲೆ 2000 ವ್ಯಾಟ್ ಅಂದಿದ್ದೀರಿ. 230 ವೋಲ್ಟಿಗೆ ಅದು ಸುಮಾರು 8.7 ಆಂಪ್ ಎಳೆಯುತ್ತದೆ. ಕನ್ವರ್ಟರ್ ಪ್ಲಗ್ ಹಾಕಿ ಸಣ್ಣ ಸಾಕೆಟ್ಟಿಗೆ ಸಿಕ್ಕಿಸಿದ್ದೀರಲ್ವಾ, ಅದನ್ನು ಇವತ್ತೇ ತೆಗೆಯಿರಿ. ನಮ್ಮ ಮನೆಯಲ್ಲಿ ಹೀಗೇ ಸಾಕೆಟ್ಟಿನ ತೂತು ಕಂದು ಬಣ್ಣಕ್ಕೆ ತಿರುಗಿ, ಪ್ಲಾಸ್ಟಿಕ್ ಉಬ್ಬಿತ್ತು.

ಮೊದಲು ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕೈಲಿ ಬೋರ್ಡ್ ಬಿಚ್ಚಿಸಿ. ಒಳಗಿನ ವೈರ್ ಎಷ್ಟು ದಪ್ಪ ಅಂತ ನಿಮ್ಮ ಫೋಟೋದಲ್ಲಿ ಕಾಣುವುದಿಲ್ಲ. ದಾವಣಗೆರೆ ಪಿ.ಜೆ. ಬಡಾವಣೆಯ ಹಳೆ ಮನೆ ಅಂದಿರಿ, 1 ಅಥವಾ 1.5 ಚದರ ಮಿ.ಮೀ. ಇರಬಹುದು. ಹಾಗಿದ್ದರೆ ಬರೀ ಸಾಕೆಟ್ ಬದಲಿಸಬೇಡಿ, ವೈರೇ ಕಾದು ಅಪಾಯ ಜಾಸ್ತಿ. ಮೀಟರ್ ಬೋರ್ಡಿನಿಂದ ಬೇರೆ ಲೈನ್ ಎಳೆಸಿ. ತಾಮ್ರದ ವೈರ್ ಕಡಿಮೆ ಅಂದರೂ 2.5, ಆದರೆ ಹೇಗೂ ಗೋಡೆ ಕೊರೆಯುತ್ತೀರಿ, 4 ಹಾಕಿಸಿ. 16 ಆಂಪ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಬೇಕು, ಅರ್ಥಿಂಗ್ ಬೇಕೇ ಬೇಕು.

ಆಮೇಲೆ ಐಎಸ್‌ಐ ಗುರುತಿನ 16 ಆಂಪ್ ಸಾಕೆಟ್, ಜೊತೆಗೆ 16 ಆಂಪ್ ಸ್ವಿಚ್. ಸಾಕೆಟ್ ದೊಡ್ಡದು ಹಾಕಿ ಹಳೆ ಸ್ವಿಚ್ಚನ್ನೇ ಬಿಡುವವರಿದ್ದಾರೆ, ಪಕ್ಕದಲ್ಲೇ ನಿಂತು ನೋಡಿ. ಸಿಂಕಿನ ನೀರು ಸಿಡಿಯುವ ಜಾಗ ಬೇಡ.

750 ವ್ಯಾಟ್ ಮಿಕ್ಸಿಗೆ 6 ಆಂಪ್ ಸಾಕು, ಸುಮ್ನೆ ದುಡ್ಡು ಹಾಕಬೇಡಿ.