ಓರೆಯಾದ ಸ್ವಿಚ್‌ಬೋರ್ಡ್ ಮತ್ತು ಇತರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹಲವು ಒಂದೇ ಸಂಕಟವನ್ನು ಬೇರೆ ಬೇರೆ ಬಗೆಯಲ್ಲಿ ತೋಡಿಕೊಂಡಿವೆ: ಎಲ್ಲವೂ ಅಚ್ಚುಕಟ್ಟಾಗಿರಲೇಬೇಕೆಂಬ ಹಟ, ಸಣ್ಣದೊಂದು ಕೊರತೆ ಕಂಡರೂ ತಡೆಯಲಾಗದ ಕಿರಿಕಿರಿ. ಆದ್ದರಿಂದ ಅವುಗಳಿಗೆ ಒಟ್ಟಿಗೇ ಉತ್ತರಿಸಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿದ್ದು, ಹೆಸರುಗಳನ್ನು ಕೈಬಿಡಲಾಗಿದೆ.

ಪ್ರಶ್ನೆ: ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಮನೆ ಕಟ್ಟಿಸಿದೆ. ಗೃಹಪ್ರವೇಶದ ಹಿಂದಿನ ದಿನ ಹಜಾರದ ಒಂದು ಟೈಲ್‌ನ ಮೂಲೆ ಮುಕ್ಕಾಗಿರುವುದು ಕಣ್ಣಿಗೆ ಬಿತ್ತು. ಆಮೇಲೆ ದೇವರ ಮನೆಯ ಪಕ್ಕದ ಸ್ವಿಚ್‌ಬೋರ್ಡ್ ಕೂದಲೆಳೆಯಷ್ಟು ಓರೆಯಾಗಿರುವುದೂ ಕಂಡಿತು. ಅಂದಿನಿಂದ ಆ ಮನೆಯಲ್ಲಿ ನನಗೆ ಬೇರೇನೂ ಕಾಣುತ್ತಿಲ್ಲ. ಟೈಲ್ ಮೇಲೆ ಚಾಪೆ ಹಾಸಿದೆ, ಈಗ ಚಾಪೆಯೇ ಕಣ್ಣು ಚುಚ್ಚುತ್ತದೆ. ಬಂದವರು ಮನೆ ಚೆನ್ನಾಗಿದೆ ಎಂದರೆ ನಾನೇ ಮುಂದಾಗಿ ಆ ಎರಡನ್ನೂ ತೋರಿಸಿಬಿಡುತ್ತೇನೆ. ‘ನಿಮ್ಮದು ಮೊಸರಿನಲ್ಲಿ ಕಲ್ಲು ಹುಡುಕುವ ಬುದ್ಧಿ’ ಎಂದು ಮಡದಿ ಬೇಸರಪಡುತ್ತಾಳೆ. ಅಚ್ಚುಕಟ್ಟು ಬಯಸುವುದು ತಪ್ಪೇ? (ಶಿವಮೊಗ್ಗದ ಓದುಗರು)

ಉತ್ತರ: ನಿಮ್ಮ ಪತ್ರದಲ್ಲಿ ಟೈಲ್‌ಗಿಂತ ಮೊದಲು ನನ್ನ ಗಮನ ಸೆಳೆದದ್ದು ನಿಮ್ಮ ಉದ್ಯೋಗ. ಕಂಪ್ಯೂಟರ್ ಬರುವ ಮುನ್ನ ಬ್ಯಾಂಕಿನಲ್ಲಿ ದುಡಿದವರಿಗೆ, ಸಂಜೆ ಲೆಕ್ಕದಲ್ಲಿ ಒಂಬತ್ತು ರೂಪಾಯಿ ವ್ಯತ್ಯಾಸ ಬಂದರೆ ಅದು ಸಿಗುವ ತನಕ ಕುರ್ಚಿ ಬಿಟ್ಟು ಏಳುವಂತಿರಲಿಲ್ಲವೆಂಬುದು ಚೆನ್ನಾಗಿ ಗೊತ್ತು. ವ್ಯತ್ಯಾಸವು 9ರಿಂದ ನಿಶ್ಶೇಷವಾಗಿ ಭಾಗವಾದರೆ ಎಲ್ಲೋ ಎರಡು ಅಂಕಿಗಳು ಅದಲುಬದಲಾಗಿರಬಹುದು, 54 ಬರೆಯುವ ಕಡೆ 45 ಬಿದ್ದಿರಬಹುದು ಎಂದು ಅನುಭವಿಗಳು ಮೊದಲು ಅದನ್ನೇ ಹುಡುಕುತ್ತಿದ್ದರು. ಆ ಚಿಲ್ಲರೆ ಮೊತ್ತಕ್ಕಾಗಿ ಅಷ್ಟು ಹೆಣಗುವುದಕ್ಕೆ ಕಾರಣವೂ ಇತ್ತು. ಎರಡು ದೊಡ್ಡ ತಪ್ಪುಗಳು ಒಂದನ್ನೊಂದು ಬಹುಪಾಲು ಹೊಡೆದುಹಾಕಿ ಕೊನೆಗೆ ಉಳಿದದ್ದೇ ಆ ಒಂಬತ್ತು ರೂಪಾಯಿ ಆಗಿರುವ ಸಾಧ್ಯತೆಯಿತ್ತು. ಎಂದರೆ ಅಲ್ಲಿ ಸಣ್ಣ ತಪ್ಪು ಇನ್ನೇನೋ ಒಂದರ ಸೂಚನೆಯಾಗಿತ್ತು.

ಮುಕ್ಕಾದ ಟೈಲ್ ಯಾವುದರ ಸೂಚನೆ ಎಂಬುದನ್ನು ಒಮ್ಮೆ, ಒಂದೇ ಒಂದು ಸಲ, ಪರೀಕ್ಷಿಸಿ ನೋಡಿ. ನಾಣ್ಯದಿಂದ ಅದರ ನಾಲ್ಕೂ ಮೂಲೆಗಳನ್ನು ತಟ್ಟಿ. ಟೊಳ್ಳು ಸದ್ದು ಬಂದರೆ ಅಡಿಯಲ್ಲಿ ಗಾರೆ ಸರಿಯಾಗಿ ಕೂತಿಲ್ಲ, ನಾಳೆ ಭಾರದ ವಸ್ತು ಬಿದ್ದರೆ ಒಡೆದೀತು. ಅದನ್ನು ತೆಗೆಸಿ ಬೇರೆ ಹಾಕಿಸುವುದು ಸರಿ. ಗಟ್ಟಿ ಸದ್ದು ಬಂದರೆ ಅದು ಮೂಲೆ ಮುಕ್ಕಾದ ಒಂದು ಟೈಲ್, ಅಷ್ಟೆ. ಅದೇ ಬಣ್ಣದ ಎಪಾಕ್ಸಿ ತುಂಬಿಸಿದರೆ ಮುಗಿಯಿತು. ಸ್ವಿಚ್‌ಬೋರ್ಡ್ ಅಲುಗಾಡುತ್ತಿದ್ದರೆ, ಬಿಸಿಯಾಗುತ್ತಿದ್ದರೆ, ಚಟಪಟ ಸದ್ದು ಮಾಡುತ್ತಿದ್ದರೆ ಎಲೆಕ್ಟ್ರಿಷಿಯನ್‌ನನ್ನು ಇವತ್ತೇ ಕರೆಸಿ. ಬಿಗಿಯಾಗಿದ್ದು ಬರೀ ಓರೆಯಾಗಿದ್ದರೆ ಅದರಿಂದ ಯಾರ ಲೆಕ್ಕವೂ ತಪ್ಪುವುದಿಲ್ಲ.

ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುವುದಕ್ಕೆ ಕಾರಣ, ನೀವು ಆ ವಿಷಯವನ್ನು ಇತ್ಯರ್ಥ ಮಾಡದೆ ಉಳಿಸಿಕೊಂಡಿರುವುದು. ಸರಿಪಡಿಸಲೂ ಇಲ್ಲ, ಬಿಡಲೂ ಇಲ್ಲ. ಚಾಪೆ ಹಾಸಿದ್ದು ಮರೆಯಲಿಕ್ಕಾದರೂ, ಅದನ್ನು ಏಕೆ ಹಾಸಿದ್ದೆಂಬುದು ನಿಮಗೊಬ್ಬರಿಗೆ ಗೊತ್ತಿರುವುದರಿಂದ ಚಾಪೆಯೇ ಗುರುತಾಗಿ ನಿಂತಿತು. ಅತಿಥಿಗಳಿಗೆ ತೋರಿಸುವುದರ ಹಿಂದೆ, ಅವರು ಕಂಡು ಆಡಿಕೊಳ್ಳುವ ಮುನ್ನ ನಾನೇ ಹೇಳಿಬಿಟ್ಟರೆ ಮಾನ ಉಳಿದೀತೆಂಬ ಅಂಜಿಕೆಯಿದೆ ಎಂದು ನನ್ನ ಊಹೆ. ಮನೋವಿಶ್ಲೇಷಕಿ ಕರೆನ್ ಹಾರ್ನಿ 1950ರಲ್ಲಿ, ಮನುಷ್ಯನನ್ನು ಒಳಗಿನಿಂದ ಆಳುವ ಇಂಥ ‘ಇರಲೇಬೇಕು’ಗಳನ್ನು ದಬ್ಬಾಳಿಕೆ ಎಂದೇ ಕರೆದರು. ನಿಮ್ಮ ವಿಷಯದಲ್ಲಿ ಆ ದಬ್ಬಾಳಿಕೆ ಕಟ್ಟಿಸಿದ ಮನೆಯ ಸುಖವನ್ನೇ ಕಸಿದುಕೊಂಡಿದೆ.

ಹೀಗೆ ಮಾಡಿ. ಈ ತಿಂಗಳೊಳಗೆ ಎರಡನ್ನೂ ರಿಪೇರಿ ಮಾಡಿಸಿ, ಇಲ್ಲವೇ ಮಾಡಿಸುವುದಿಲ್ಲವೆಂದು ಮಡದಿಯ ಎದುರಿಗೆ ಹೇಳಿ ಚಾಪೆ ತೆಗೆಯಿರಿ. ಬಿಡುವುದಾದರೆ, ಬೆಳಿಗ್ಗೆ ಪತ್ರಿಕೆ ಓದುವ ಕುರ್ಚಿಯನ್ನು ಸ್ವಿಚ್‌ಬೋರ್ಡ್ ಕಾಣುವಂತೆಯೇ ಹಾಕಿಕೊಳ್ಳಿ. ಕಿರಿಕಿರಿ ಏರುತ್ತದೆ, ನೀವು ಎದ್ದು ಹೋಗದೆ ಓದು ಮುಂದುವರಿಸಿದರೆ ತಾನಾಗಿ ಇಳಿಯುತ್ತದೆ. ಅತಿಥಿಗಳು ಬಂದಾಗ ನಾಲಿಗೆ ತುರಿಸುತ್ತದೆ, ತಡೆದುಕೊಳ್ಳಿ. ಇದನ್ನೆಲ್ಲ ಗುತ್ತಿಗೆದಾರರ ಪರವಾದ ವಕಾಲತ್ತು ಎಂದು ಯಾರೂ ಭಾವಿಸಬಾರದು. ‘ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್’ ಎಂಬ ಮಾತಿನ ಮರೆಯಲ್ಲಿ ನಮ್ಮಲ್ಲಿ ಎಷ್ಟು ಕಳಪೆ ಕೆಲಸ ನುಸುಳುತ್ತದೆಂದು ನಾನೂ ಬಲ್ಲೆ. ಅದಕ್ಕೆ ತಕ್ಕ ಸಮಯ ಕೊನೆಯ ಕಂತು ಕೊಡುವ ಮುನ್ನ ಮಾಡುವ ತಪಾಸಣೆ.

ಪ್ರಶ್ನೆ: ನಾನು ಬಿ.ಎಸ್‌ಸಿ. ಎರಡನೆಯ ವರ್ಷದಲ್ಲಿದ್ದೇನೆ. ಬರೆಯುವಾಗ ಒಂದು ಅಕ್ಷರ ತಪ್ಪಿ ಕಾಟು ಹೊಡೆಯಬೇಕಾಗಿ ಬಂದರೆ ಆ ಹಾಳೆಯನ್ನೇ ಹರಿದು ಮೊದಲಿನಿಂದ ಬರೆಯುತ್ತೇನೆ. ಲ್ಯಾಬ್ ರೆಕಾರ್ಡ್ ಒಪ್ಪಿಸುವುದು ಪ್ರತಿ ಸಲವೂ ತಡ. ಪರೀಕ್ಷೆಯಲ್ಲಿ ಹಾಳೆ ಹರಿಯುವಂತಿಲ್ಲ; ಒಂದು ಕಾಟು ಬಿತ್ತೆಂದರೆ ಮನಸ್ಸು ಅಲ್ಲೇ ನಿಂತುಹೋಗಿ, ಗೊತ್ತಿರುವ ಉತ್ತರಗಳನ್ನೂ ಪೂರ್ತಿ ಬರೆಯಲಾಗುತ್ತಿಲ್ಲ. ‘ಮುತ್ತು ಪೋಣಿಸಿದ ಹಾಗೆ ಬರೆಯುತ್ತಾಳೆ’ ಎಂದು ಚಿಕ್ಕಂದಿನಿಂದ ಎಲ್ಲರೂ ಹೊಗಳಿದ್ದಾರೆ. (ಧಾರವಾಡದ ವಿದ್ಯಾರ್ಥಿನಿ)

ಉತ್ತರ: ಆ ಹೊಗಳಿಕೆಯನ್ನು ನೀವೇ ಪತ್ರದ ಕೊನೆಯಲ್ಲಿ ಇಟ್ಟಿದ್ದೀರಿ, ನಾನು ಅಲ್ಲಿಂದಲೇ ಆರಂಭಿಸುತ್ತೇನೆ. ಪರಿಪೂರ್ಣತೆಯ ಹಂಬಲವನ್ನು ಅಳೆಯಲು ರ್‍ಯಾಂಡಿ ಫ್ರಾಸ್ಟ್ ಮತ್ತು ಸಂಗಡಿಗರು 1990ರಲ್ಲಿ ರೂಪಿಸಿದ ಪ್ರಶ್ನಾವಳಿಯಲ್ಲಿ, ತನಗೆ ತಾನು ಎತ್ತರದ ಗುರಿ ಇಟ್ಟುಕೊಳ್ಳುವುದು ಒಂದು ಅಂಶವಾದರೆ, ತಪ್ಪಾದೀತೆಂಬ ಕಳವಳ ಇನ್ನೊಂದು ಅಂಶ. ತಂದೆತಾಯಿಯರ ನಿರೀಕ್ಷೆ ಮತ್ತು ಟೀಕೆಗಳಿಗೂ ಅಲ್ಲಿ ಪ್ರತ್ಯೇಕ ಸ್ಥಾನವಿದೆ. ಗುರಿಯೂ ಕಳವಳವೂ ಒಟ್ಟಿಗೆ ಇರುವುದುಂಟು, ಆದರೆ ಅವು ಒಂದೇ ಅಲ್ಲ. ನಿಮ್ಮ ಗುರಿ ರಸಾಯನಶಾಸ್ತ್ರ ಕಲಿಯುವುದಾಗಿದ್ದರೆ ಕಾಟು ಹೊಡೆದ ಹಾಳೆಯೂ ಆ ಗುರಿಗೆ ಒದಗುತ್ತದೆ. ಹಾಳೆ ಹರಿಯುವಂತೆ ಮಾಡುತ್ತಿರುವುದು ಕಳವಳ.

ಪಾಲ್ ಹೆವಿಟ್ ಮತ್ತು ಗಾರ್ಡನ್ ಫ್ಲೆಟ್ 1991ರಲ್ಲಿ ಇದನ್ನೇ ಇನ್ನೊಂದು ಬಗೆಯಲ್ಲಿ ವಿಂಗಡಿಸಿದರು: ತಾನು ದೋಷವಿಲ್ಲದೆ ಇರಬೇಕೆಂಬ ಹಟ, ಇತರರು ಹಾಗಿರಬೇಕೆಂಬ ಹಟ, ಮತ್ತು ಜಗತ್ತು ತನ್ನಿಂದ ಅದನ್ನೇ ಬಯಸುತ್ತಿದೆಯೆಂಬ ನಂಬಿಕೆ. ಇದೇ ಅಳತೆಗೋಲಿನಿಂದ 1989ರಿಂದ 2016ರವರೆಗೆ ಅಮೆರಿಕ, ಕೆನಡಾ ಮತ್ತು ಬ್ರಿಟನ್‌ಗಳಲ್ಲಿ 40,000ಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳಿಂದ ಪಡೆದ ಉತ್ತರಗಳನ್ನು ಥಾಮಸ್ ಕರನ್ ಮತ್ತು ಆ್ಯಂಡ್ರ್ಯೂ ಹಿಲ್ ಒಟ್ಟುಗೂಡಿಸಿ ನೋಡಿದಾಗ ಮೂರೂ ಹೆಚ್ಚುತ್ತಾ ಬಂದಿರುವುದು, ಅದರಲ್ಲೂ ಮೂರನೆಯದು ಎಲ್ಲಕ್ಕಿಂತ ಹೆಚ್ಚಾಗಿ ಬೆಳೆದಿರುವುದು ಕಂಡುಬಂತು. ಆ ದೇಶಗಳ ಅಂಕಿಗಳನ್ನು ಧಾರವಾಡಕ್ಕೆ ಹಾಗೆಯೇ ಹೊಂದಿಸಲಾಗದು. ಆದರೂ ಮುತ್ತಿನಂಥ ಅಕ್ಷರವೆಂದು ಹೊಗಳಿಸಿಕೊಂಡ ಮಗುವಿಗೆ, ಒಂದು ಮುತ್ತು ಜಾರಿದರೆ ಹೊಗಳಿಕೆಯೂ ಜಾರುತ್ತದೆಂದು ತೋರುವುದು ಯಾವ ಊರಿನಲ್ಲಾದರೂ ಸಹಜ.

ನೀವು ಇಂದಿನಿಂದ ಪೆನ್ನಿನಲ್ಲೇ ಬರೆಯಿರಿ, ವೈಟ್ನರನ್ನು ಮನೆಯಿಂದ ಹೊರಗಿಡಿ. ಪ್ರತಿದಿನ ಒಂದು ಉತ್ತರವನ್ನು ಗಡಿಯಾರ ಇಟ್ಟುಕೊಂಡು ಬರೆಯಿರಿ. ಅದರಲ್ಲಿ ಬೇಕೆಂದೇ ಎರಡು ಕಡೆ ತಪ್ಪು ಪದ ಬರೆದು, ಒಂದೇ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು ಮುಂದೆ ಸಾಗಿ. ಮೊದಮೊದಲು ಕೈ ನಡುಗಿದರೂ ಹಾಳೆಯನ್ನು ಹರಿಯಬೇಡಿ, ತಿರುಗಿ ಓದಲೂ ಬೇಡಿ. ಅಂದಹಾಗೆ, ಪ್ರಯೋಗಶಾಲೆಗಳಲ್ಲಿ ವಿಜ್ಞಾನಿಗಳು ಇಡುವ ದಾಖಲೆ ಪುಸ್ತಕಗಳ ಶಿಸ್ತು ಏನೆಂದು ನಿಮ್ಮ ಅಧ್ಯಾಪಕರನ್ನು ಕೇಳಿ: ಅಲ್ಲಿ ಹಾಳೆ ಕೀಳುವುದು ನಿಷಿದ್ಧ, ತಪ್ಪನ್ನು ಅಳಿಸದೆ ಒಂದೇ ಗೆರೆಯಿಂದ ಹೊಡೆದು, ತಿದ್ದಿ, ಸಹಿಯನ್ನೂ ದಿನಾಂಕವನ್ನೂ ಹಾಕಬೇಕು. ತಪ್ಪು ಕಾಣಿಸುತ್ತಿದ್ದರೇ ದಾಖಲೆಗೆ ವಿಶ್ವಾಸಾರ್ಹತೆ. ಈ ಉತ್ತರವನ್ನು ನಿಮ್ಮ ತಾಯಿಗೂ ಓದಿಸಿ, ಒಂದು ಸೆಮಿಸ್ಟರ್ ಮಟ್ಟಿಗಾದರೂ ಅಕ್ಷರದ ಅಂದದ ಮಾತು ಮನೆಯಲ್ಲಿ ಬೇಡವೆಂದು ಹೇಳಿ.

ಪ್ರಶ್ನೆ: ನಾನು ಜೋಡಿಸಿಟ್ಟ ಪಾತ್ರೆಗಳನ್ನು ಯಜಮಾನರು ಮತ್ತೆ ಜೋಡಿಸುತ್ತಾರೆ, ಮಡಿಸಿದ ಬಟ್ಟೆಯನ್ನು ಬಿಡಿಸಿ ಮತ್ತೆ ಮಡಿಸುತ್ತಾರೆ. ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ಆದರೆ ನನಗೆ ಅಳು ಬರುತ್ತದೆ. (ಮೈಸೂರಿನ ಗೃಹಿಣಿ)

ಉತ್ತರ: ಮೇಲೆ ಹೇಳಿದ ಮೂರರಲ್ಲಿ ಎರಡನೆಯ ಬಗೆ ಇದು, ಇದರ ನೋವು ಹಟವಿರುವವರಿಗಿಂತ ಪಕ್ಕದಲ್ಲಿರುವವರಿಗೇ ಹೆಚ್ಚು. ಅವರು ಏನೂ ಅನ್ನುವುದಿಲ್ಲ ಎಂದು ನೀವು ಬರೆದಿದ್ದೀರಿ. ನಿಮ್ಮ ಕಣ್ಣೆದುರೇ ಲೋಟಗಳನ್ನು ತಿರುಗಿಸಿಡುವುದು ಅನ್ನುವುದಕ್ಕಿಂತ ಕಡಿಮೆಯೇನಲ್ಲ. ಅವರಿಗೆ ಇಷ್ಟವಾಗುವಂತೆ ಮಡಿಸಲು ಕಲಿಯುವ ಪ್ರಯತ್ನವನ್ನು ನಾನು ಸಲಹೆ ಮಾಡುವುದಿಲ್ಲ, ಏಕೆಂದರೆ ಆ ಅಳತೆ ನಾಳೆ ಇನ್ನೊಂದು ಅಂಗುಲ ಸರಿಯುತ್ತದೆ. ಯಾವ ಕೆಲಸ ತಮ್ಮ ರೀತಿಯಲ್ಲೇ ಆಗಬೇಕೆಂದು ಅವರು ಬಯಸುತ್ತಾರೋ ಆ ಕೆಲಸ ಆದಿಯಿಂದ ಅಂತ್ಯದವರೆಗೆ ಅವರದಾಗಲಿ: ಪಾತ್ರೆ ಜೋಡಿಸುವುದಷ್ಟೇ ಅಲ್ಲ, ತೊಳೆಯುವುದೂ. ಇದನ್ನು ಜಗಳದ ನಡುವೆ ಹೇಳದೆ, ಸಮಾಧಾನದ ಹೊತ್ತಿನಲ್ಲಿ, ಅಳು ಬರುವ ಸಂಗತಿಯನ್ನೂ ಮುಚ್ಚಿಡದೆ ಹೇಳಿ.

ಪ್ರಶ್ನೆ: ಚಪ್ಪಲಿಗಳು ಸಾಲಾಗಿರದಿದ್ದರೆ ನನಗೆ ಸಮಾಧಾನವಿಲ್ಲ. ಸ್ನೇಹಿತರು ನಿನಗೆ ‘ಒಸಿಡಿ’ ಇದೆ ಎನ್ನುತ್ತಾರೆ. ನಿಜವೇ? (ಬೆಂಗಳೂರಿನ ಓದುಗರು)

ಉತ್ತರ: ಇಷ್ಟರಿಂದಲೇ ಹಾಗೆ ಹೇಳಲಾಗದು, ಮತ್ತು ಆ ಪದವನ್ನು ತಮಾಷೆಗೆ ಬಳಸುವುದು ನಿಜವಾಗಿ ಅದರಿಂದ ನರಳುವವರಿಗೆ ಮಾಡುವ ಅನ್ಯಾಯ. ಒಸಿಡಿ ಎಂದರೆ ಗೀಳು ಮನೋರೋಗ; ಅದರಲ್ಲಿ ಬೇಡವೆಂದರೂ ಬಿಡದೆ ನುಗ್ಗುವ ಯೋಚನೆಗಳು, ಅವುಗಳ ತಳಮಳ ತಗ್ಗಿಸಲು ಮತ್ತೆ ಮತ್ತೆ ಮಾಡುವ ಕ್ರಿಯೆಗಳು ಇರುತ್ತವೆ. ‘ಇನ್ನೂ ಸರಿಯಾಗಲಿಲ್ಲ’ ಎಂಬ ಭಾವನೆಯೊಂದೇ ಗಂಟೆಗಟ್ಟಲೆ ಜೋಡಿಸುವಂತೆ ಮಾಡುವುದೂ ಉಂಟು. ಇವು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತನ್ನು ತಿನ್ನುತ್ತಿದ್ದರೆ, ಅಥವಾ ಕೆಲಸಕ್ಕೂ ಸಂಬಂಧಗಳಿಗೂ ಅಡ್ಡಿಯಾಗುತ್ತಿದ್ದರೆ ತಜ್ಞರನ್ನು ಕಾಣಬೇಕು. ಚಪ್ಪಲಿ ಸಾಲಾಗಿಟ್ಟು ನೀವು ನೆಮ್ಮದಿಯಿಂದ ಮುಂದಿನ ಕೆಲಸಕ್ಕೆ ಹೋಗುವಿರಾದರೆ ಅದು ಒಳ್ಳೆಯ ಅಭ್ಯಾಸ.

ಚಿಕಿತ್ಸೆ ಇದೆ. ಲಂಡನ್ನಿನಲ್ಲಿ ವಿಕ್ಟರ್ ಮೇಯರ್ 1966ರಲ್ಲಿ ವರದಿ ಮಾಡಿದ ವಿಧಾನದಿಂದ ಬೆಳೆದ, ಕಳವಳ ಹುಟ್ಟಿಸುವ ಸನ್ನಿವೇಶಕ್ಕೆ ಒಡ್ಡಿಕೊಂಡು ಎಂದಿನ ಕ್ರಿಯೆಯನ್ನು ಮಾಡದೆ ತಡೆಯುವ ಅಭ್ಯಾಸವು ಇಂದಿಗೂ ಅದರ ಮುಖ್ಯ ಭಾಗ. ಜೊತೆಗೆ ಔಷಧಿಗಳೂ ಇವೆ. ಬೆಂಗಳೂರಿನಲ್ಲಿರುವ ನಿಮಗೆ ನಿಮ್ಹಾನ್ಸ್ ಹತ್ತಿರವೇ ಇದೆ. ಬೇರೆ ಊರುಗಳವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಪ್ರಶ್ನೆ: ನಿವೃತ್ತ ಕನ್ನಡ ಶಿಕ್ಷಕ ನಾನು. ಊರಿನ ಫಲಕಗಳಲ್ಲಿ ‘ಹಾರ್ದಿಕ’ವು ‘ಆರ್ಧಿಕ’ವಾಗಿರುವುದನ್ನು, ‘ಬೇಳೆ’ಯು ‘ಬೇಲೆ’ಯಾಗಿರುವುದನ್ನು ಕಂಡು ರಕ್ತ ಕುದಿಯುತ್ತದೆ. ವಾಯುವಿಹಾರಕ್ಕೆ ಹೋಗುವುದನ್ನೇ ಬಿಟ್ಟಿದ್ದೇನೆ. (ಹುಬ್ಬಳ್ಳಿಯ ಓದುಗರು)

ಉತ್ತರ: ವಾಯುವಿಹಾರ ಬಿಡಬೇಡಿ, ಫಲಕಗಳಿಗಾಗಿ ಅದನ್ನು ತ್ಯಜಿಸುವುದು ದುಬಾರಿ. ನಾಮಫಲಕದ ಶೇ 60 ಭಾಗ ಕನ್ನಡದಲ್ಲಿರಬೇಕೆಂದು 2024ರ ತಿದ್ದುಪಡಿ ಕಾಯ್ದೆ ಹೇಳಿತು, ಕಾಗುಣಿತ ಸರಿಯಿರಬೇಕೆಂದು ಹೇಳಲಿಲ್ಲ. ಆ ಭಾಗ ನಿಮ್ಮಂಥವರಿಗೇ ಉಳಿದಿದೆ. ಆದರೆ ಮುದ್ರಣವಾಗಿ ಕಂಬಕ್ಕೇರಿದ ಬ್ಯಾನರ್ ಎದುರು ಕುದಿದು ಫಲವಿಲ್ಲ. ತಪ್ಪುಗಳಲ್ಲಿ ಎಷ್ಟೋ ಹುಟ್ಟುವುದು ಫ್ಲೆಕ್ಸ್ ಅಂಗಡಿಯಲ್ಲಿ, ಯೂನಿಕೋಡ್‌ನಲ್ಲಿ ಬಂದ ಪಠ್ಯವನ್ನು ಹಳೆಯ ಫಾಂಟ್‌ಗೆ ಬದಲಾಯಿಸುವಾಗ. ಅರ್ಕಾವತ್ತು ಒಂದು ಕಡೆ, ಒತ್ತಕ್ಷರ ಇನ್ನೊಂದು ಕಡೆ ಹಾರಿರುತ್ತದೆ. ನಿಮ್ಮ ಬಡಾವಣೆಯ ಗಣೇಶೋತ್ಸವ ಸಮಿತಿಗೂ, ಹತ್ತಿರದ ಶಾಲೆಗೂ, ಒಂದೆರಡು ಅಂಗಡಿಗಳಿಗೂ ‘ಮುದ್ರಣಕ್ಕೆ ಮೊದಲು ಪ್ರೂಫನ್ನು ನನಗೆ ವಾಟ್ಸ್‌ಆ್ಯಪ್ ಮಾಡಿ, ನೋಡಿಕೊಡುತ್ತೇನೆ’ ಎಂದು ಹೇಳಿಡಿ. ಬಸ್ ನಿಲ್ದಾಣ, ಆಸ್ಪತ್ರೆಗಳಲ್ಲಿ ಓದಿದವರು ದಾರಿ ತಪ್ಪುವಂಥ ದೋಷವಿದ್ದರೆ ಸಂಬಂಧಪಟ್ಟವರಿಗೆ ಫೋಟೊ ಸಹಿತ ಪತ್ರ ಬರೆಯಿರಿ. ತಳ್ಳುಗಾಡಿಯವರ ಸುಣ್ಣದಕಡ್ಡಿಯ ಬರಹವನ್ನು ಬಿಟ್ಟುಬಿಡಿ. ಅಲ್ಲಿ ‘ಬೇಲೆ ಹೋಳಿಗೆ’ ಎಂದಿದ್ದರೂ ಬರುವ ಗಿರಾಕಿಗೆ ಬೇಳೆ ಹೋಳಿಗೆಯೇ ಸಿಗುತ್ತದೆ.