ಕೈರುಚಿ ಮೆಚ್ಚಿದವರಿಗೆಲ್ಲ 60 ಎಲೆಯ ಅಡುಗೆ ಬೇಯಿಸಬೇಕೇ?

ಪ್ರಶ್ನೆ: ನನಗೆ 46 ವರ್ಷ, ತುಮಕೂರಿನಲ್ಲಿ ವಾಸ. ಬೆಳಿಗ್ಗೆ ಅಮಾನಿಕೆರೆಯ ಬಳಿ ವಾಕಿಂಗ್‌ಗೆ ಹೋಗುವ ಗೆಳತಿಯರ ಗುಂಪೊಂದಿದೆ. ನನ್ನ ಹೋಳಿಗೆ, ಹಿತಕಿದ ಬೇಳೆ ಸಾರು ಎಲ್ಲರಿಗೂ ಇಷ್ಟ. ಮೊದಲು ನಾನೇ ಕರೆದು ಬಡಿಸುತ್ತಿದ್ದೆ. ಈಗ ಹಬ್ಬ ಬಂದರೂ, ಅವರ ಮನೆಗೆ ನೆಂಟರು ಬಂದರೂ ‘ಸ್ವಲ್ಪ ಮಾಡಿಕೊಡು’ ಎಂದು ಫೋನ್ ಬರುತ್ತದೆ. ಸಾಮಾನಿನ ದುಡ್ಡನ್ನೂ ಕೆಲವರು ಮರೆಯುತ್ತಾರೆ. ಸಂಕ್ರಾಂತಿ ಕಳೆದ ಮೇಲೆ ಒಬ್ಬ ಗೆಳತಿಯ ಮಗಳ ಸೀಮಂತವಿದೆ. 60 ಜನರ ಅಡುಗೆ ನನ್ನದೇ ಎಂದು, ನನ್ನನ್ನು ಕೇಳದೆಯೇ ಬೀಗರಿಗೆ ಹೇಳಿಬಿಟ್ಟಿದ್ದಾಳೆ. ನನಗೆ ಆಪರೇಷನ್ ಆದಾಗ ಎರಡು ವಾರ ನಮ್ಮ ಮನೆಗೆ ಊಟ ಕಳಿಸಿದವಳೂ ಅವಳೇ. ಕೈನೋವು ಎಂದು ಸುಳ್ಳು ಹೇಳಿ ತಪ್ಪಿಸಿಕೊಳ್ಳಲೇ? ಯಜಮಾನರು ದುಡ್ಡು ತೆಗೆದುಕೋ ಎನ್ನುತ್ತಾರೆ; ಅತ್ತೆಯವರು ಅನ್ನ ಮಾರಬಾರದು ಎನ್ನುತ್ತಾರೆ.
– ಹೆಸರು ಬೇಡ, ತುಮಕೂರು

ಉತ್ತರ: ಸೀಮಂತದ ವಿಷಯ ಮೊದಲು ತೀರ್ಮಾನವಾಗಬೇಕು, ಏಕೆಂದರೆ ಅದಕ್ಕೊಂದು ದಿನಾಂಕವಿದೆ. ಆ ಅಡುಗೆಯನ್ನು ನೀವು ಒಪ್ಪಿಕೊಳ್ಳಬೇಡಿ. ನಿಮ್ಮ ಗೆಳತಿ ಕೆಟ್ಟವರೆಂದು ಹೀಗೆ ಹೇಳುತ್ತಿಲ್ಲ. 60 ಎಲೆಯ ಊಟ ಒಬ್ಬ ಗೃಹಿಣಿಯ ಅಡುಗೆಮನೆಗೆ ಹಿಡಿಸುವ ಕೆಲಸವೇ ಅಲ್ಲ. ಎಲೆಗೆ ಎರಡರಂತೆ ಲೆಕ್ಕ ಹಾಕಿದರೂ 120 ಹೋಳಿಗೆಯಾಗುತ್ತದೆ. ಅದಕ್ಕೆ ಸುಮಾರು ಮೂರು ಕೆಜಿ ಬೇಳೆ, ಹೆಚ್ಚುಕಡಿಮೆ ಅಷ್ಟೇ ಬೆಲ್ಲ ಬೇಕು. ಬೇಳೆ ಬೇಯಿಸಿ, ಕಟ್ಟು ಬಸಿದು, ಹೂರಣ ರುಬ್ಬಿ, ಕಣಕ ನಾದಿ ನೆನೆಸಿದ ಮೇಲೆ, ತಟ್ಟುವುದಕ್ಕೂ ಬೇಯಿಸುವುದಕ್ಕೂ ಸೇರಿ ಒಂದಕ್ಕೆ ಎರಡು ನಿಮಿಷ ಹಿಡಿದರೂ ಒಂದೇ ಹೆಂಚಿನ ಮುಂದೆ ನಾಲ್ಕು ಗಂಟೆ ನಿಲ್ಲಬೇಕಾಗುತ್ತದೆ. ಹಿತಕಿದ ಬೇಳೆಯ ಕಥೆ ಇನ್ನೂ ದೊಡ್ಡದು. ಸೊಗಡಿನ ಅವರೆಕಾಯಿಯನ್ನು ಹತ್ತು ಕೆಜಿಗೆ ಕಡಿಮೆಯಿಲ್ಲದಂತೆ ತಂದು ಬಿಡಿಸಬೇಕು, ಕಾಳನ್ನು ನೆನೆಹಾಕಬೇಕು, ಆಮೇಲೆ ಒಂದೊಂದೇ ಕಾಳನ್ನು ಬೆರಳಿನಲ್ಲಿ ಹಿತುಕಿ ಸಿಪ್ಪೆ ತೆಗೆಯಬೇಕು. ಅನ್ನ, ಪಲ್ಯ, ಕೋಸಂಬರಿ, ಚಿತ್ರಾನ್ನಗಳನ್ನು ನಾನಿನ್ನೂ ಎಣಿಸಿಲ್ಲ. ಇಷ್ಟಾದ ಮೇಲೆ, ಬೆಳಗಿನ ಜಾವ ಮಾಡಿ ಪಾತ್ರೆಗಳಲ್ಲಿ ತುಂಬಿ ಸಾಗಿಸಿದ ತೆಂಗಿನಕಾಯಿ ಮಸಾಲೆಯ ಸಾರು ಮಧ್ಯಾಹ್ನದ ಹೊತ್ತಿಗೆ ಹಳಸಿದರೆ, ಬೀಗರ ಮುಂದೆ ತಲೆ ತಗ್ಗಿಸಬೇಕಾದವರು ನೀವೇ ಆಗುತ್ತೀರಿ.

ಕೈನೋವಿನ ಸುಳ್ಳು ಹೇಳಬೇಡಿ. ನೀತಿಯ ಮಾತು ಹಾಗಿರಲಿ, ಅದು ಕೆಲಸಕ್ಕೂ ಬರುವುದಿಲ್ಲ. ನೆಪ ಹೇಳಿದವರಿಗೆ ಪರಿಹಾರ ಕೊಡುವುದು ನಮ್ಮ ಜನರ ಒಳ್ಳೆಯ ಗುಣ: ‘ಕೈನೋವಾದರೇನು, ತಟ್ಟೋದಕ್ಕೆ ನಮ್ಮ ಮನೆ ಕೆಲಸದವಳನ್ನ ಕಳಿಸ್ತೀನಿ, ನೀನು ಪಕ್ಕದಲ್ಲಿ ಕೂತು ಹೇಳು ಸಾಕು’ ಎಂಬ ಉತ್ತರ ಬಂದರೆ ನಿಮ್ಮ ಬಾಯಿ ಕಟ್ಟಿಹೋಗುತ್ತದೆ. ಮುಂದಿನ ವಾರ ನೀವು ಮನೆಯವರಿಗೆಂದು ಹೋಳಿಗೆ ಮಾಡಿದ ಸುದ್ದಿ ವಾಕಿಂಗ್ ಗುಂಪಿಗೆ ತಲುಪದೆಯೂ ಇರುವುದಿಲ್ಲ.

ಈ ಗೆಳತಿ ನಿಮ್ಮ ಕಷ್ಟಕಾಲದಲ್ಲಿ ಊಟ ಕಳಿಸಿದವರು ಎಂಬುದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆ ಋಣವಿರುವುದರಿಂದಲೇ ಅವರಿಗೆ ಬರಿಯ ‘ಇಲ್ಲ’ ಸಾಲದು. ಸೀಮಂತಕ್ಕೆ ಬಂಧುಗಳೂ ಆಪ್ತರೂ ಬಸುರಿಗೆ ಬಗೆಬಗೆಯ ತಿಂಡಿ ತಂದು ಮಡಿಲು ತುಂಬುವ ಪದ್ಧತಿ ಇದೆಯಲ್ಲ, ನಿಮ್ಮ ಕೈರುಚಿಗೆ ಯೋಗ್ಯವಾದ ಜಾಗ ಅದು. ಅವರ ಮನೆಗೇ ಹೋಗಿ, ಬೇರೆ ಯಾರೂ ಇಲ್ಲದಾಗ, ಹೀಗೆ ಹೇಳಬಹುದು: ‘60 ಜನರ ಅಡುಗೆ ನನ್ನಿಂದ ಆಗಲ್ಲ ಕಣೇ. ಅಡುಗೆಯವರನ್ನ ಇಬ್ಬರೂ ಸೇರಿ ಹುಡುಕೋಣ, ಏನೇನು ಮಾಡಿಸಬೇಕು ಅಂತ ನಾನೇ ಕೂತು ಪಟ್ಟಿ ಬರೆದುಕೊಡ್ತೀನಿ. ಮಗಳ ಮಡಿಲಿಗೆ ಹೋಳಿಗೆ ಮಾತ್ರ ನನ್ನದೇ.’ ಬೀಗರಿಗೆ ಆಗಲೇ ಹೇಳಿದ್ದೇನೆ ಎಂದು ಅವರು ಪೇಚಾಡಬಹುದು. ಕೇಳದೆ ಹೇಳಿದ ಮಾತನ್ನು ತಿದ್ದುವ ಹೊಣೆ ಹೇಳಿದವರದು. ಅದನ್ನೂ ನೀವು ತಲೆಯ ಮೇಲೆ ಹೊತ್ತುಕೊಳ್ಳಬೇಡಿ. ಆದರೆ ಈ ವಾರವೇ ಹೇಳಿ. ಸಂಕ್ರಾಂತಿಯ ನಂತರ ಮದುವೆ, ಗೃಹಪ್ರವೇಶಗಳು ಸಾಲುಗಟ್ಟಿದಾಗ ಒಳ್ಳೆಯ ಅಡುಗೆಯವರು ಸಿಗುವುದು ಕಷ್ಟವಾಗುತ್ತದೆ, ಆಗ ನಿಮ್ಮ ಗೆಳತಿಯ ಸಿಟ್ಟಿಗೆ ನ್ಯಾಯವೂ ಇರುತ್ತದೆ.

ಉಳಿದ ಗೆಳತಿಯರ ವಿಷಯದಲ್ಲಿ ನನ್ನ ಅಭಿಪ್ರಾಯ ನಿಮಗೆ ಅಷ್ಟು ಹಿಡಿಸಲಿಕ್ಕಿಲ್ಲ. ಅವರಲ್ಲಿ ಹೆಚ್ಚಿನವರಿಗೆ ತಾವು ಎಷ್ಟು ಕೇಳುತ್ತಿದ್ದೇವೆ ಎಂಬುದೇ ಗೊತ್ತಿಲ್ಲವೆಂದು ನನಗೆ ಅನ್ನಿಸುತ್ತದೆ. ಡಬ್ಬಿ ತೆರೆದವರಿಗೆ ಕಾಣುವುದು ಸಾರು ಮಾತ್ರ; ಹಿಂದಿನ ರಾತ್ರಿ ಹನ್ನೊಂದರವರೆಗೆ ಕಾಳು ಹಿತುಕಿದ್ದು ಕಾಣುವುದಿಲ್ಲ. ಅವರು ಹೊಗಳಿದಾಗಲೆಲ್ಲ ‘ಅಯ್ಯೋ, ಅದರಲ್ಲೇನು ಮಹಾ’ ಎಂದು ನೀವು ಹೇಳಿರುತ್ತೀರಿ. ಚೆನ್ನಾಗಿ ಅಡುಗೆ ಮಾಡುವ ಹೆಂಗಸರೆಲ್ಲರಿಗೂ ಈ ಮಾತು ಬಾಯಿಪಾಠವಾಗಿದೆ, ಕೇಳುವವರು ಅದನ್ನು ನಿಜವೆಂದೇ ನಂಬುತ್ತಾರೆ. ಇನ್ನು ಮುಂದೆ ಆ ಮಾತು ಬಿಟ್ಟು, ಕೆಲಸ ಎಷ್ಟಿದೆಯೋ ಅಷ್ಟನ್ನು ದೂರಿನ ಧ್ವನಿಯಿಲ್ಲದೆ ಹೇಳುವುದನ್ನು ರೂಢಿಸಿಕೊಳ್ಳಿ. ಇದಕ್ಕಿಂತ ಉತ್ತಮ ಉಪಾಯ ಅವರೆಕಾಯಿಯಲ್ಲೇ ಇದೆ. ನಮ್ಮ ಸೀಮೆಯ ಮನೆಗಳಲ್ಲಿ ಅವರೆ ಹಿತುಕುವುದು ಒಬ್ಬರ ಕೆಲಸವಾಗಿರಲಿಲ್ಲ. ಮೊರ, ಬೋಗುಣಿಗಳನ್ನು ಮುಂದಿಟ್ಟುಕೊಂಡು ಮನೆಮಂದಿ, ಅಕ್ಕಪಕ್ಕದವರು ಸುತ್ತ ಕುಳಿತು ಮಾತಾಡುತ್ತ ಮುಗಿಸುತ್ತಿದ್ದರು. ಈ ಸಲ ಸಾರು ಕೇಳಿದವರಿಗೆ ‘ಭಾನುವಾರ ಸಂಜೆ ನಿನ್ನ ಪಾಲಿನ ಕಾಯಿ ತಗೊಂಡು ಬಾ, ಎಲ್ಲರೂ ಕೂತು ಹಿತುಕೋಣ, ಊಟ ಇಲ್ಲೇ’ ಎಂದು ಹೇಳಿ ನೋಡಿ. ಬಂದವರಿಗೆ ಕೆಲಸದ ಅಳತೆ ಉಗುರಿನ ತುದಿಯಲ್ಲೇ ತಿಳಿಯುತ್ತದೆ. ಬಾರದವರಿಗೆ ನೀವು ವಿವರಣೆ ಕೊಡಬೇಕಾದ ಅಗತ್ಯ ಉಳಿಯುವುದಿಲ್ಲ. ಸಾಮಾನಿನ ದುಡ್ಡಿನ ಬಗ್ಗೆ ಸಂಕೋಚ ಬೇಡ. ಪಟ್ಟಿಯನ್ನು ಮೊದಲೇ ಕಳಿಸಿ, ಅವರೇ ತಂದುಕೊಡಲಿ.

ದುಡ್ಡು ತೆಗೆದುಕೊಳ್ಳುವ ಪ್ರಶ್ನೆಯಲ್ಲಿ ನಿಮ್ಮ ಯಜಮಾನರದೂ ತಪ್ಪಲ್ಲ, ಅತ್ತೆಯವರದೂ ತಪ್ಪಲ್ಲ. ನಿಮ್ಮ ಊರಿನ ಕ್ಯಾತ್ಸಂದ್ರದಲ್ಲೇ ಎರಡಕ್ಕೂ ಜಾಗವಿದೆ. ಒಂದು ಕಡೆ ಸಿದ್ಧಗಂಗಾ ಮಠದಲ್ಲಿ ಸಾವಿರಾರು ವಿದ್ಯಾರ್ಥಿಗಳಿಗೆ ದಾಸೋಹ ನಡೆಯುತ್ತದೆ, ಇನ್ನೊಂದು ಕಡೆ ಹೋಟೆಲುಗಳಲ್ಲಿ ತಟ್ಟೆ ಇಡ್ಲಿಯನ್ನು ದುಡ್ಡಿಗೆ ಮಾರುತ್ತಾರೆ. ಮಠಕ್ಕೆ ಹೋಗಿ ಬರುವ ಭಕ್ತರೇ ಆ ಇಡ್ಲಿಯನ್ನೂ ತಿನ್ನುತ್ತಾರೆ, ಅದನ್ನು ಪಾಪವೆಂದು ಯಾರೂ ಎಣಿಸಿಲ್ಲ. ದಾಸೋಹವೆಂದರೆ ಒಬ್ಬರ ಬೆನ್ನಿನ ಮೇಲೆ ನಿಂತ ಕೆಲಸವಲ್ಲ, ಭಕ್ತರು ತಂದೊಪ್ಪಿಸುವ ದವಸಧಾನ್ಯವೂ ಹಲವರ ಕೈಗಳೂ ಸೇರಿ ನಡೆಯುವಂಥದ್ದು ಎಂದು ಅತ್ತೆಯವರಿಗೆ ನೆನಪಿಸಿದರೆ ಅವರು ಒಪ್ಪಿಯಾರು.

ಆದರೂ ಗೆಳತಿಯರಿಂದ ದುಡ್ಡು ತೆಗೆದುಕೊಳ್ಳುವುದನ್ನು ನಾನು ಸೂಚಿಸುವುದಿಲ್ಲ. ಇವತ್ತು ಬಿಟ್ಟಿ, ನಾಳೆ ಅರ್ಧ ದರ, ನಾಡಿದ್ದು ‘ನಮ್ಮ ಹತ್ತಿರವೂ ದುಡ್ಡಾ?’ ಎಂಬ ಮಾತು – ಈ ಕಲಸುಮೇಲೋಗರದಲ್ಲಿ ಸ್ನೇಹವೂ ಉಳಿಯುವುದಿಲ್ಲ, ವ್ಯಾಪಾರವೂ ಹತ್ತುವುದಿಲ್ಲ. ನಿಮಗೆ ನಿಜವಾಗಿ ಆಸಕ್ತಿಯಿದ್ದರೆ ಅದನ್ನು ಪ್ರತ್ಯೇಕ ಉದ್ಯೋಗವಾಗಿ ಮಾಡಿ: ಹೋಳಿಗೆಯೊಂದನ್ನೇ ಆರಿಸಿಕೊಳ್ಳಿ, ವಾರದಲ್ಲಿ ಒಂದು ದಿನ ಗೊತ್ತುಮಾಡಿ, ಸಾಮಾನಿನ ಜೊತೆಗೆ ಗ್ಯಾಸನ್ನೂ ನಿಮ್ಮ ಹೊತ್ತನ್ನೂ ಸೇರಿಸಿ ದರ ಕಟ್ಟಿ, ಮುಂಗಡ ಪಡೆಯಿರಿ. ಮನೆಯಿಂದಲೇ ಆದರೂ ಆಹಾರ ಮಾರುವವರು 2006ರ ಆಹಾರ ಸುರಕ್ಷತೆ ಕಾಯ್ದೆಯಡಿ ನೋಂದಣಿ ಮಾಡಿಸಬೇಕು. ಸಣ್ಣವರಿಗೆ ಅದು ದೊಡ್ಡ ಖರ್ಚಿನ ಕೆಲಸವಲ್ಲ, ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಆಸಕ್ತಿ ಇಲ್ಲದಿದ್ದರೆ ಯಜಮಾನರಿಗೆ ಹಾಗೆಯೇ ಹೇಳಿಬಿಡಿ. ಚೆನ್ನಾಗಿ ಅಡುಗೆ ಮಾಡುವವರೆಲ್ಲ ಅದನ್ನೇ ಕಸುಬಾಗಿ ಮಾಡಿಕೊಳ್ಳಲೇಬೇಕೆಂಬ ಕಟ್ಟಳೆ ಎಲ್ಲಿಯೂ ಇಲ್ಲ.

ಒಬ್ಬಿಬ್ಬರು ಮುನಿಸಿಕೊಳ್ಳಬಹುದು, ಕೆಲವು ದಿನ ವಾಕಿಂಗ್‌ನಲ್ಲಿ ಮಾತು ಕಡಿಮೆಯಾಗಬಹುದು. ಆ ದಿನಗಳಲ್ಲಿ ಸಮಾಧಾನಪಡಿಸಲೆಂದು ಡಬ್ಬಿ ಹಿಡಿದುಕೊಂಡು ಅವರ ಮನೆಗೆ ಹೋಗಬೇಡಿ. ತಿಂಗಳು ಕಳೆದ ಮೇಲೆ ಮನಸ್ಸಿದ್ದರೆ, ಮೊದಲು ಮಾಡುತ್ತಿದ್ದಂತೆಯೇ ನೀವಾಗಿಯೇ ಎಲ್ಲರನ್ನೂ ಊಟಕ್ಕೆ ಕರೆಯಿರಿ.